ಅಮ್ಮಾವರ ಲೈಸೆನ್ಸ್

ನಾಲ್ಕನೆಯ ಸಲವೂ ಅಮ್ಮಾವರು ಗಾಡಿಯ ಹಿಂಬದಿಯನ್ನು ಕಂಬಕ್ಕೆ ಗುದ್ದಿಸಿದರು.

ಪರೀಕ್ಷೆಯ ಮೈದಾನದ ತಂತಿಬೇಲಿ ಹಿಡಿದು ನಿಂತಿದ್ದ ಡ್ರೈವರಣ್ಣ ಕಣ್ಣು ಮುಚ್ಚಿಕೊಂಡ. ತೆರೆದಾಗ ಕೆಂಪು ಪ್ಲಾಸ್ಟಿಕ್ ಕಂಬ ಅಂಗಾತ ಮಲಗಿತ್ತು. ಗಾಡಿಯೊಳಗೆ ಕೂತಿದ್ದ ಅಧಿಕಾರಿ ಹಾಳೆಯ ಮೇಲೆ ಉದ್ದಕ್ಕೆ ಗೀಟು ಎಳೆಯುತ್ತಿದ್ದ.

ಅಲ್ಲಿಗೆ ಊರು ಇನ್ನಷ್ಟು ದೂರವಾಯಿತು.

ಅವನು ಈ ಪರದೇಶಕ್ಕೆ ಬಂದು, ಅಮ್ಮಾವರ ಮನೆಯ ಡ್ರೈವರ್ ಆಗಿ ಹನ್ನೊಂದು ವರ್ಷ. ಹೊರಟಾಗ ಮಗಳಿಗೆ ಮೂರು ತುಂಬಿತ್ತು. ಮೊದಮೊದಲು ಫೋನಿನಲ್ಲಿ ‘ಅಪ್ಪಾ, ನೀನು ಯಾವಾಗ ಬರ್ತೀಯ’ ಎಂದು ಅಳುತ್ತಿದ್ದಳು. ಈಗ ‘ಚೆನ್ನಾಗಿದ್ದೀರಾ’ ಎಂದು ಕೇಳಿ ಫೋನನ್ನು ಅವಳಮ್ಮನ ಕೈಗೆ ಕೊಡುತ್ತಾಳೆ. ನೀನು ಹೋಗಿ ನೀವು ಆಗಿದ್ದು ಯಾವ ವರ್ಷ ಎಂದು ಅವನು ಶೆಡ್ಡಿನ ಮೇಲಿನ ತನ್ನ ಕೋಣೆಯಲ್ಲಿ ಮಲಗಿ ಎಷ್ಟೋ ಸಲ ಯೋಚಿಸಿದ್ದಾನೆ. ಆ ಕೋಣೆಗೆ ಒಂದು ಕಿಟಕಿ ಇದೆ. ತೆರೆದರೆ ಪಕ್ಕದ ಮನೆಯ ಗೋಡೆ.

ಕಳೆದ ವರ್ಷ, ಯಜಮಾನರು ಒಬ್ಬರೇ ಇದ್ದಾಗ, ಗಾಡಿ ಒರೆಸುವ ಒದ್ದೆ ಬಟ್ಟೆ ಹಿಂಡುತ್ತಲೇ ಕೇಳಿಬಿಟ್ಟಿದ್ದ: ಇನ್ನು ನನ್ನನ್ನು ಊರಿಗೆ ಕಳಿಸಿಕೊಡಿ. ಯಜಮಾನರು ಕೆಟ್ಟವರಲ್ಲ. ಮಕ್ಕಳಿಬ್ಬರ ಶಾಲೆ ಇದೆ, ತಾಯಿಯ ಆಸ್ಪತ್ರೆ ಇದೆ, ತಾವು ತಿಂಗಳಲ್ಲಿ ಹದಿನೈದು ದಿನ ಹೊರಗೇ ಇರಬೇಕಾಗುತ್ತದೆ ಎಂದು ಸಮಾಧಾನವಾಗಿಯೇ ಹೇಳಿದರು.

“ನನ್ನ ಹೆಂಡ್ತಿಗೆ ಲೈಸೆನ್ಸ್ ಬರ್ಲಿ, ಮಾರನೇ ದಿನವೇ ನಿನ್ನ ವಿಮಾನ ಹತ್ತಿಸ್ತೀನಿ. ನೀನೇ ಕಲಿಸು. ಆದ್ರೆ ನೀನು ಕೇಳ್ಕೊಂಡೆ ಅಂತ ಅವಳ ಹತ್ರ ಹೇಳ್ಬೇಡ. ಸುಮ್ನೆ ಗಾಬರಿಯಾಗ್ತಾಳೆ.”

ಅವನ ಕಾಗದಪತ್ರವೆಲ್ಲ ಅವರ ಬೀರುವಿನಲ್ಲಿತ್ತು. ಬಾಯಿಗೂ ಬೀಗ ಬಿತ್ತು.

ಅವನು ಕಲಿಸಿದ. ಸ್ವಂತ ತಂಗಿಗೆ ಕಲಿಸುವ ಹಾಗೆ ಕಲಿಸಿದ. ಅಮ್ಮಾವರೂ ಬೇಗ ಹಿಡಿದುಕೊಂಡರು. ಪರೀಕ್ಷೆಯ ಹಿಂದಿನ ದಿನ ತರಕಾರಿ ಅಂಗಡಿಯ ಹಿಂದಿನ ಓಣಿಯಲ್ಲಿ, ಎರಡು ಲಾರಿಗಳ ನಡುವೆ ಗೇಣು ಜಾಗ ಬಿಟ್ಟು, ಮಾತಾಡುತ್ತಾ ಗಾಡಿಯನ್ನು ಹಿಂದಕ್ಕೆ ಹಾಕಿ ನಿಲ್ಲಿಸಿದ್ದರು. ಅಂಥ ಕೈ ಬಯಲಲ್ಲಿ ಒಂಟಿಯಾಗಿ ನಿಂತ ಕಂಬಕ್ಕೆ ಹೋಗಿ ಗುದ್ದುವುದೆಂದರೆ?

ಬೇಕೆಂದೇ ಮಾಡುತ್ತಿದ್ದಾರೆ. ಈ ಅನುಮಾನ ಮೂರನೆಯ ಸಲವೇ ಹುಟ್ಟಿತ್ತು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಹೋಗುವ ಸುಖವನ್ನು ಯಾರು ತಾನೇ ಬಿಡುತ್ತಾರೆ? ಕಳಿಸಿಬಿಟ್ಟರೆ ಇಂಥ ಬಾಯಿಸತ್ತ ಆಳು ಮತ್ತೆ ಸಿಗಬೇಕಲ್ಲ.

ಅಮ್ಮಾವರು ಮೈದಾನದಿಂದ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಬಂದರು. ಮುಖದಲ್ಲಿ ಸೋತವರ ಕಳೆ ಇರಲಿಲ್ಲ.

“ಹೋಯ್ತು ಡ್ರೈವರಣ್ಣ. ನಿಮಗೇನೂ ಬೇಜಾರಿಲ್ಲ ತಾನೆ?”

“ನನಗ್ಯಾಕಮ್ಮ ಬೇಜಾರು,” ಎಂದು ಅವನು ಹಿಂದಿನ ಬಾಗಿಲು ತೆರೆದ.

ಮರುದಿನ ಬೆಳಿಗ್ಗೆ ಎಲ್ಲರೂ ಹೊಸ ಗಾಡಿ ಕೊಳ್ಳಲು ಹೋದರು. ಯಜಮಾನರು ಮೊದಲೇ ತೀರ್ಮಾನ ಮಾಡಿದ್ದರು: ಹೆಂಡತಿ ಪಾಸಾದರೆ ಅವಳ ಕೈಗೆ ಹಗುರವಾದ ಚಿಕ್ಕ ಕಾರು, ಇಲ್ಲವಾದರೆ ಡ್ರೈವರನ್ನೂ ಸೇರಿಸಿ ಮನೆಮಂದಿಯೆಲ್ಲ ಹಿಡಿಸುವ ಏಳು ಸೀಟಿನದು. ಗಾಜಿನ ಗೋಡೆಯ ಆ ಅಂಗಡಿಯಲ್ಲಿ ಚಿಕ್ಕ ಕಾರು ಬಾಗಿಲ ಪಕ್ಕದಲ್ಲೇ ನಿಂತಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಅಮ್ಮಾವರು ಮಾತ್ರ ದಾಟಿಹೋಗುವಾಗ ಅದರ ಸ್ಟೀರಿಂಗಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ಮಾರುವವನು ಡ್ರೈವರಣ್ಣನನ್ನು ದೊಡ್ಡ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಚಕ್ರ ಉರುಳಿದ ಕೂಡಲೇ ಬಾಗಿಲುಗಳು ತಾವಾಗಿಯೇ ಲಾಕ್ ಆಗುತ್ತವೆ ಎಂದು ವಿವರಿಸಿದ. ಮಕ್ಕಳು ಹಿಂದಿನ ಸಾಲಿಗೆ ಜಿಗಿದು ಕಿಟಕಿಗಾಗಿ ಕಿತ್ತಾಡಿದವು. ಅಜ್ಜಿ ಮೆಟ್ಟಿಲು ಎತ್ತರವಾಯಿತೆಂದು ಗೊಣಗಿದರು.

“ಅವನಿಗೆ ಒಪ್ಪಿಗೆಯಾದ್ರೆ ಸಾಕು,” ಎಂದು ಯಜಮಾನರು ನಕ್ಕರು. “ಇದರೊಳಗೆ ಆಯಸ್ಸು ಸವೆಸೋನು ಅವನೇ ತಾನೆ.”

ಗಾಡಿಯ ಕಾಗದಗಳ ಅಡಿಯಲ್ಲಿ ಇನ್ನೊಂದು ಕಾಗದ ಇತ್ತು. ಡ್ರೈವರಣ್ಣ ಇನ್ನು ಮೂರು ವರ್ಷ ಇಲ್ಲೇ ದುಡಿಯುತ್ತೇನೆಂದು ಒಪ್ಪಿ ಕೊಡುವ ಕರಾರು. ಸಹಿ ಹಾಕದಿದ್ದರೆ ಏನಾಗುತ್ತದೆ ಎಂದು ಕೇಳುವ ಬಾಯಿ ಅವನಿಗೆ ಎಂದೂ ಇರಲಿಲ್ಲ. ಹಾಕಿದ. ಮೂರು ವರ್ಷ ಕಳೆದರೆ ಮಗಳಿಗೆ ಹದಿನೇಳು.

ಯಜಮಾನರು ತಾಯಿಯನ್ನೂ ಮಕ್ಕಳನ್ನೂ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಹೊಸ ಗಾಡಿಯಲ್ಲಿ ಉಳಿದದ್ದು ಇವರಿಬ್ಬರೇ. ರಸ್ತೆಗಿಳಿದ ಕೂಡಲೇ ನಾಲ್ಕೂ ಬಾಗಿಲು ಟಕ್ಕೆಂದವು.

ಕೆಂಪು ದೀಪದ ಹತ್ತಿರ ಅಮ್ಮಾವರು ಮುಂದಕ್ಕೆ ಬಾಗಿದರು.

“ಒಂದು ಹೇಳ್ತೀನಿ, ಇವರ ಕಿವಿಗೆ ಬೀಳಬಾರ್ದು. ಕಂಬಕ್ಕೆ ನಾನು ಬೇಕಂತಲೇ ಗುದ್ದಿದ್ದು. ನಾಲ್ಕು ಸಲಾನೂ.”

ಡ್ರೈವರಣ್ಣ ಕನ್ನಡಿಯತ್ತ ಕಣ್ಣೆತ್ತಿದ. ಒಂದು ವರ್ಷದಿಂದ ನುಂಗಿಕೊಂಡಿದ್ದ ಮಾತು ಗಂಟಲಿಗೆ ಬಂತು.

“ನಾನು ಪಾಸಾದ್ರೆ ಮಾರನೇ ದಿನವೇ ನಿಮ್ಮನ್ನ ಊರಿಗೆ ಕಳಿಸಿಬಿಡ್ತೀನಿ ಅಂದ್ರು ಇವರು. ಹನ್ನೊಂದು ವರ್ಷ ನಮಗೋಸ್ಕರ ದುಡಿದೋರ ಅನ್ನ ಕಿತ್ಕೊಂಡು ನಾನು ಸ್ಟೀರಿಂಗ್ ಹಿಡೀಲಾ? ಒಬ್ಬಳೇ ಎಲ್ಲಿಗಾದ್ರೂ ಹೋಗಿ ಬರ್ಬೇಕು ಅಂತ ನನಗೂ ಆಸೆ ಇತ್ತು. ಇರ್ಲಿ ಬಿಡಿ, ಅದು ನಿಮ್ಮ ಕೆಲಸಕ್ಕಿಂತ ದೊಡ್ಡದಾ?”

ಕನ್ನಡಿಯಲ್ಲಿ ಅವರ ಕಣ್ಣು ತುಂಬಿದ್ದು ಕಂಡಿತು. ಗಂಟಲಿಗೆ ಬಂದ ಮಾತು ಬಂದ ದಾರಿಯಲ್ಲೇ ಇಳಿದುಹೋಯಿತು. ಹಸಿರು ದೀಪ ಬಂತು.

“ದೊಡ್ಡ ಉಪಕಾರ ಆಯ್ತಮ್ಮ,” ಎಂದ.

“ಮೂರು ವರ್ಷ ಆದ್ಮೇಲೆ ಏನು ಗತಿ ಅಂತ ಯೋಚಿಸ್ಬೇಡಿ ಡ್ರೈವರಣ್ಣ,” ಎಂದು ಅಮ್ಮಾವರು ಅವನ ಹೆಗಲು ತಟ್ಟಿದರು. “ಆಗಲೂ ಫೇಲಾಗ್ತೀನಿ.”