ಕಂಕುಳಲ್ಲಿ ಮೆಟ್ಟು

ಮೆಟ್ಟಿನ ಸಪ್ಪಳವಿಲ್ಲದೆ ಗಂಡ ಅಂಜಿನಪ್ಪ ಅಂಗಳಕ್ಕೆ ಬಂದದ್ದು ಕಂಡು ಭೀಮಕ್ಕನ ರೊಟ್ಟಿ ತಟ್ಟುತ್ತಿದ್ದ ಕೈ ನಿಂತೇಹೋಯಿತು. ಅವನ ಮೆಟ್ಟು ಇನ್ನೂ ಕಂಕುಳಲ್ಲೇ ಇತ್ತು.

ಸವಳಂಗದ ಹಾದಿಯ ಆ ಊರಿನಲ್ಲಿ ಅವರ ಕೇರಿಯವರು ಗೌಡರ ಮನೆ ಮುಂದೆ ಮೆಟ್ಟು ಕಳಚಿ, ಕಂಕುಳಲ್ಲಿಟ್ಟುಕೊಂಡೇ ಹಾಯಬೇಕು. ದಾಟಿದ ಮೇಲೆ ಎಲ್ಲರೂ ಮತ್ತೆ ಮೆಟ್ಟಿಕೊಳ್ಳುತ್ತಾರೆ. ಗೌಡರ ಕೈಯಲ್ಲಿ ಏಟು ತಿಂದ ದಿನ ಮಾತ್ರ ಅಂಜಿನಪ್ಪನಿಗೆ ಅದು ಮರೆತುಹೋಗುತ್ತದೆ. ಆ ಏಟು ಹೊತ್ತು ಮುಳುಗುವುದರೊಳಗೆ ಭೀಮಕ್ಕನ ಬೆನ್ನಿಗೆ ಬರುತ್ತದೆ. ಇವತ್ತು ಗೌಡರು ಸರ್ಕಾರಕ್ಕೆ ಕೊಡಬೇಕಾದ ಲೆವಿ ಜೋಳದ ಚೀಲ ಹೊರಲು ಬಿಟ್ಟಿ ಹೋಗಿದ್ದ, ಕೆನ್ನೆ ಊದಿತ್ತು.

"ನೀರು ಕೊಡಾಕೆ ಎಷ್ಟೊತ್ತೇ?" ಅಂದವನೇ ಕಂಕುಳಿಂದ ಒಂದು ಮೆಟ್ಟು ಎಳೆದು ಎತ್ತಿ ಹಿಡಿದ.

ಯಾವತ್ತಿನಂತೆ ಅವಳು ಗೋಡೆಗೆ ಒತ್ತಿಕೊಂಡಳು. ತಗ್ಗಿದ ಕಣ್ಣು ಅವನ ಪಾದದ ಮೇಲೆ ಬಿತ್ತು. ಜಾಲಿಮುಳ್ಳು ಮುರಿದು ರಕ್ತ ಜಿನುಗುತ್ತಿತ್ತು. ಬಾಯಿ ತಾನಾಗೇ ಆಡಿಬಿಟ್ಟಿತು.

"ಗೌಡ್ರ ಮನೆ ದಾಟಿ ಬಾಳ ದೂರ ಬಂದೀರಿ. ಈಗಾದ್ರೂ ಮೆಟ್ಕಳ್ರಿ."

ಎತ್ತಿದ ಕೈ ಬೀಸಲೂ ಇಲ್ಲ, ಇಳಿಯಲೂ ಇಲ್ಲ. ಅಂಜಿನಪ್ಪ ಆ ಮೆಟ್ಟನ್ನು ಈಗಷ್ಟೇ ಕಂಡವನಂತೆ ನೋಡತೊಡಗಿದ.