ಅಕ್ಕನ ಮೊಣಕಾಲು

ಹೋದ ತಿಂಗಳು ತೀರಿಕೊಂಡ ಅಕ್ಕನ ಕಪಾಟು ತೆರೆದರೆ ಇವತ್ತಿಗೂ ನೋವಿನ ಮುಲಾಮಿನ ವಾಸನೆ ಬರುತ್ತದೆ.

ನಾವು ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದಾಗ ಅವಳು ಆಸ್ಟ್ರೇಲಿಯಾದವರ ತಂಡದಲ್ಲಿ ಮೊಟ್ಟೆಯಾಕಾರದ ಚೆಂಡಿನ ಫುಟ್‌ಬಾಲ್ ಆಡುತ್ತಿದ್ದಳು. ಪೆಟ್ಟಾದ ಮೊಣಕಾಲು ವಾಸಿಯಾಗುವ ಮೊದಲೇ ಆಡಿದರೆ ಆಟವೇ ಮುಗಿದಂತೆ ಎಂದು ಡಾಕ್ಟರು ಹೇಳಿದ್ದರು. ಆ ಶುಕ್ರವಾರ ಫೈನಲ್. ಅಕ್ಕ ಹಾಲ್‌ನಲ್ಲಿ ನೆಟ್ಟಗೆ ನಡೆದು ತೋರಿಸಿದಳು.

"ನೋವು ಖಲಾಸ್ ಅಮ್ಮ. ತಂಡದ ಕಾರು ಬಂತು."

ಅಮ್ಮ ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡಿದಳು. "ಹೌದಾ? ಹಾಗಾದ್ರೆ ದೇವರಿಗೆ ಅಡ್ಡಬಿದ್ದು ಹೋಗು."

"ಬಂದು ಮಾಡ್ತೇನೆ."

"ಪರೀಕ್ಷೆಗೆ ಹೋಗುವಾಗ ಮಾಡ್ತಿಯಲ್ಲ, ಈಗ ಎಂತ ಅವಸರ?"

ಅಕ್ಕ ನನ್ನತ್ತ ನೋಡಿ ನಕ್ಕಳು. ಗೋಡೆ ಹಿಡಿಯದೆ, ತಣ್ಣನೆಯ ಟೈಲ್ಸಿಗೆ ಮೊಣಕಾಲೂರಿ ಹಣೆ ಹಚ್ಚಿದಳು. ಕೆಳಗೆ ಹಾರ್ನ್ ಕೇಳಿಸಿತು. ಅವಳು ಏಳಲಿಲ್ಲ. ಅಮ್ಮ ಕೈ ಚಾಚಿದಳು, ಅಕ್ಕ ಹಿಡಿಯಲಿಲ್ಲ.

ಕೊನೆಗೆ ಅಮ್ಮನೇ ಅವಳ ಪಕ್ಕ ನೆಲಕ್ಕೆ ಕೂತು, "ಕಾರು ಹೋಗ್ಲಿ ಮಗಾ" ಎಂದಳು.