ನುಂಗಿದ ಮಾತು

ಗಾರ್ಮೆಂಟ್ಸ್ ಕಾರ್ಖಾನೆಯ ಚಾವಣಿಗೆ ಮಾತು ನುಂಗುವ ಯಂತ್ರ ಹಾಕಿ ಮೂರು ವರ್ಷವಾಗಿತ್ತು. ಯಾರಾದರೂ ಜಾತಿ ಹಿಡಿದು ಬೈದರೆ ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕಾಲರ್ ಹೊಲಿಯುವ ರಾಜಮ್ಮಣಿಗೆ ತುಟಿ ನೋಡಿಯೇ ತಿಳಿಯುತ್ತಿತ್ತು. ಸೂಪರ್‌ವೈಸರ್ ಲೋಕೇಶಪ್ಪ ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ.

ಕೊನೆಗೆ ಅವಳು ದೂರು ಕೊಡಲು ಕಾರ್ಖಾನೆಯ ಆಫೀಸಿಗೆ ಹೋದಳು. ಅಲ್ಲಿನ ಚಾವಣಿಯಲ್ಲೂ ಅದೇ ಯಂತ್ರವಿತ್ತು.

“ಅವ್ರು ಏನಂದ್ರೋ ಅದೇ ಮಾತು ಹೇಳಮ್ಮ. ರೆಕಾರ್ಡ್‌ನಲ್ಲಿ ಕೇಳಿಸ್ಬೇಕು,” ಎಂದರು ದೂರು ಬರೆದುಕೊಳ್ಳುವ ಶೈಲಜಾ ಮೇಡಂ.

ರಾಜಮ್ಮಣಿ ಹೇಳಿದಳು. ಸದ್ದು ಬರಲಿಲ್ಲ.

“ಮೇಡಂ, ನಾನು ಬೈತಾ ಇಲ್ಲ. ಅದು ನಮ್ಮ ಜಾತಿ ಹೆಸ್ರು,” ಎಂದು, ಆ ಹೆಸರನ್ನು ಗಂಟಲು ನೋಯುವಷ್ಟು ಜೋರಾಗಿ ಮತ್ತೆ ಹೇಳಿದಳು. ಫ್ಯಾನಿನ ಸದ್ದಷ್ಟೇ ಕೇಳಿಸಿತು. ಬ್ಯಾಗಿನಿಂದ ಜಾತಿ ಸರ್ಟಿಫಿಕೇಟು ತೆಗೆದು ಮುಂದಿಟ್ಟಳು. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಆ ಹೆಸರಿಗೆ ಬಂದಾಗ ಅವರ ತುಟಿಯೂ ಸುಮ್ಮನೆ ಅಲುಗಿತು.

“ರೆಕಾರ್ಡ್‌ನಲ್ಲಿ ಏನೂ ಇಲ್ವಲ್ಲಮ್ಮ,” ಎಂದು ಅವರು ಸರ್ಟಿಫಿಕೇಟನ್ನು ಮಡಿಸಿ ವಾಪಸು ಕೊಟ್ಟರು. ‘ನಿಂದನೆ ಕೇಳಿಬಂದಿಲ್ಲ’ ಎಂದು ಬರೆದು ರಾಜಮ್ಮಣಿಯ ಸಹಿ ಹಾಕಿಸಿಕೊಂಡರು.

ಬಾಗಿಲಾಚೆ ಲೋಕೇಶಪ್ಪ ನಿಂತಿದ್ದ. ಅವಳನ್ನು ಕಂಡು ಅವನ ತುಟಿ ನಿಧಾನವಾಗಿ ಅಲುಗಿತು. ಆಮೇಲೆ ಅವನು ಹೇಳಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

“ಬಾರಮ್ಮ, ಕೆಲ್ಸ ನಿಂತದೆ.”